ರೊಟ್ಟಿಯ ಸಾಲಿನಿಂದ ಮನೆಯ ಬೀಗದ ಕೈವರೆಗೆ: ವಸತಿಹೀನರ ಸೇವೆಯಲ್ಲಿ ಸಭೆ ಕಲಿತ ಒಂದು ಪಾಠ

ಕ್ರೈಸ್ತ ಸಭೆಯ ಚರಿತ್ರೆಯಲ್ಲಿ ಅತಿಥಿಸತ್ಕಾರಕ್ಕೆ ಮೊದಲಿನಿಂದಲೂ ಉನ್ನತ ಸ್ಥಾನವಿದೆ. ಅಬ್ರಹಾಮನು ಮಮ್ರೆಯ ಮರಗಳ ನೆರಳಿನಲ್ಲಿ ಮೂವರು ಅಪರಿಚಿತರನ್ನು ಉಪಚರಿಸಿದ ವೃತ್ತಾಂತದಿಂದ ಹಿಡಿದು ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದ ನ್ಯಾಯತೀರ್ಪಿನವರೆಗೆ, ಪರದೇಶಿಯನ್ನು ಒಳಗೆ ಕರೆದುಕೊಳ್ಳುವುದು ದೇವರನ್ನೇ ಬರಮಾಡಿಕೊಳ್ಳುವುದಕ್ಕೆ ಸಮಾನವೆಂದು ನಾವು ಬೋಧಿಸುತ್ತ ಬಂದಿದ್ದೇವೆ. ಆದರೆ ಅತಿಥಿ ಎಂಬ ಪದದೊಳಗೇ ಒಂದು ಮಿತಿ ಅಡಗಿದೆ. ಅತಿಥಿಯು ಬಂದು ಹೋಗುವವನು. ಹಿಂತಿರುಗಲು ತನ್ನದೇ ಆದ ಮನೆಯುಳ್ಳವನು. ಹಿಂತಿರುಗಲು ಮನೆಯೇ ಇಲ್ಲದವನನ್ನು ಅತಿಥಿಯೆಂದು ಎಷ್ಟು ದಿನ ಕರೆಯಬಹುದು? ಒಂದು ರಾತ್ರಿ ಕರೆದರೆ ಅದು ಸತ್ಕಾರ. ಹತ್ತು ವರ್ಷ ಕರೆದರೆ, ಅವನು ಎಂದೆಂದಿಗೂ ಪರರ ಮನೆಯಲ್ಲಿಯೇ ಇರಬೇಕೆಂಬ ತೀರ್ಪಾಗುತ್ತದೆ.

ಈ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನ್ಯೂಯಾರ್ಕ್ ನಗರದ ಕೆಲವು ಫ್ರಾನ್ಸಿಸ್ಕನ್ ಗುರುಗಳು ಕಾರ್ಯರೂಪದಲ್ಲಿ ಎದುರಿಸಿದರು. ಇಂದು ಬೆಂಬಲಸಹಿತ ವಸತಿ ಎಂದು ಕರೆಯಲಾಗುವ ವ್ಯವಸ್ಥೆಯ, ಅಂದರೆ ವಸತಿಹೀನರಿಗೆ ಬಾಡಿಗೆ ಕರಾರಿನ ಮೇಲೆ ಶಾಶ್ವತವಾದ ಮನೆಯನ್ನೂ ಅದರ ಜೊತೆಗೆ ಅಗತ್ಯವಾದ ಆರೈಕೆಯನ್ನೂ ಒದಗಿಸುವ ವ್ಯವಸ್ಥೆಯ, ಆರಂಭದ ಮಾದರಿಗಳಲ್ಲಿ ಅವರ ಮನೆಯೂ ಒಂದು. ಆ ಚರಿತ್ರೆಯನ್ನು ಅನುಸರಿಸುತ್ತ, ದಾನ ಮಾಡುವ ಸಭೆಗೂ ನೆರೆಹೊರೆಯಾಗುವ ಸಭೆಗೂ ಇರುವ ಅಂತರವನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಪರಂಪರೆಯ ಎರಡು ಮಾದರಿಗಳು

ಕ್ರಿ.ಶ. ೩೬೯ರ ಸುಮಾರಿಗೆ ಕಪ್ಪದೋಕ್ಯದಲ್ಲಿ ಭೀಕರ ಕ್ಷಾಮ ಉಂಟಾಯಿತು. ಕೈಸರೈಯದ ಬೆಸಿಲನು ಧಾನ್ಯ ಹಂಚಿದ್ದಲ್ಲದೆ, ಬಿಷಪನಾದ ಮೇಲೆ ನಗರದ ಹೊರವಲಯದಲ್ಲಿ ಬಡವರಿಗೂ ರೋಗಿಗಳಿಗೂ ಪ್ರಯಾಣಿಕರಿಗೂ ಕುಷ್ಠರೋಗಿಗಳಿಗೂ ವಿಶಾಲವಾದ ಆಶ್ರಯಸ್ಥಾನವನ್ನು ಕಟ್ಟಿಸಿದನು. ಅದಕ್ಕೆ ಮುಂದೆ ಬೆಸಿಲಿಯಾಸ್ ಎಂಬ ಹೆಸರು ಬಂದಿತು. ನಜಿಯಾಂಜಿನ ಗ್ರೆಗೊರಿಯು ಬೆಸಿಲನ ಸ್ಮರಣೆಯ ಭಾಷಣದಲ್ಲಿ ಅದನ್ನು ಹೊಸ ನಗರವೆಂದೇ ಬಣ್ಣಿಸಿದ್ದಾನೆ. ಈ ಕಟ್ಟಡದ ಕುರಿತು ಎದ್ದ ದೂರುಗಳಿಗೆ ಉತ್ತರವಾಗಿ ಬೆಸಿಲನು ರಾಜ್ಯಪಾಲನಾದ ಏಲಿಯನಿಗೆ ಬರೆದ ಪತ್ರವೂ ಉಳಿದಿದೆ. ಇಲ್ಲಿನ ಬಾಗಿಲು ಎಲ್ಲರಿಗೂ ತೆರೆದಿತ್ತು, ಕುಷ್ಠರೋಗಿಯೂ ಹೊರಗುಳಿಯಲಿಲ್ಲ. ಆದರೆ ಅದು ಸಂಸ್ಥೆಯಾಗಿತ್ತು. ಒಳಗಿದ್ದವರು ಆಶ್ರಿತರಾಗಿದ್ದರು.

ಸಂಸ್ಥೆ ಬೆಳೆದಂತೆ ವಿಶ್ವಾಸಿಗಳ ಮನೆಬಾಗಿಲು ಮುಚ್ಚಿಕೊಳ್ಳುವ ಅಪಾಯವನ್ನು ಮೊದಲು ಗುರುತಿಸಿದವರಲ್ಲಿ ಯೋಹಾನ ಕ್ರಿಸೊಸ್ತಮನು ಮುಖ್ಯನು. ಅಪೊಸ್ತಲರ ಕೃತ್ಯಗಳ ಮೇಲಿನ ನಲವತ್ತೈದನೆಯ ಪ್ರಸಂಗದಲ್ಲಿ ಅವನು, ಸಭೆಯ ಅತಿಥಿಗೃಹವೊಂದಿದೆಯಲ್ಲಾ ಎಂದು ಕೈತೊಳೆದುಕೊಳ್ಳಬೇಡಿರಿ, ಪ್ರತಿಯೊಬ್ಬನೂ ತನ್ನ ಮನೆಯಲ್ಲಿ ಕ್ರಿಸ್ತನಿಗಾಗಿ ಒಂದು ಕೋಣೆಯನ್ನು ಮೀಸಲಿಡಲಿ ಎಂಬ ಅರ್ಥದಲ್ಲಿ ಎಚ್ಚರಿಸುತ್ತಾನೆ.

ಎರಡನೆಯ ಮಾದರಿ ಜರ್ಮನಿಯ ಆಗ್ಸ್‌ಬರ್ಗಿನದು. ೧೫೨೧ರಲ್ಲಿ ಶ್ರೀಮಂತ ವರ್ತಕನಾದ ಯಾಕೋಬ್ ಫುಗ್ಗರನು ಅಲ್ಲಿ ಬಡವರಿಗಾಗಿ ಫುಗ್ಗರೈ ಎಂಬ ವಸತಿಕೇರಿಯನ್ನು ಸ್ಥಾಪಿಸಿದನು. ಅದು ಇಂದಿಗೂ ಇದೆ. ಪ್ರತಿ ಕುಟುಂಬಕ್ಕೂ ತನ್ನದೇ ಬಾಗಿಲು. ವರ್ಷದ ಬಾಡಿಗೆ ಒಂದು ರೈನ್ ಗುಲ್ಡನ್ ಮಾತ್ರ. ಜೊತೆಗೆ ಸ್ಥಾಪಕನ ಕುಟುಂಬಕ್ಕಾಗಿ ದಿನವೂ ಪ್ರಾರ್ಥನೆ ಸಲ್ಲಿಸಬೇಕೆಂಬ ನಿಯಮ. ಇಲ್ಲಿ ಬಡವನು ಸಂಸ್ಥೆಯ ಆಶ್ರಿತನಲ್ಲ, ಮನೆಯ ಒಕ್ಕಲು. ಆದರೆ ಈ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ನಗರದ ನಿವಾಸಿಯೂ ಕಥೋಲಿಕನೂ ಸನ್ನಡತೆಯವನೂ ಆದ ಬಡವನಿಗೆ ಮಾತ್ರ ಪ್ರವೇಶ, ಭಿಕ್ಷುಕನಿಗೆ ಇಲ್ಲ.

ಹೀಗೆ ಒಂದೆಡೆ ಎಲ್ಲರಿಗೂ ತೆರೆದ ಬಾಗಿಲು, ಆದರೆ ಸ್ವಂತ ಮನೆಯಿಲ್ಲ. ಇನ್ನೊಂದೆಡೆ ಸ್ವಂತ ಮನೆ, ಆದರೆ ಯೋಗ್ಯರಿಗೆ ಮಾತ್ರ. ಇವೆರಡನ್ನೂ ಒಂದೇ ಸೂರಿನಡಿ ಕೂಡಿಸುವುದು ಸಾಧ್ಯವೇ ಎಂಬ ಪ್ರಶ್ನೆ ಬಹುಕಾಲ ಉಳಿಯಿತು.

ಬೀದಿಗೆ ಬಿದ್ದದ್ದು ಹೇಗೆ

ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿನಲ್ಲಿ, ಮೂವತ್ತೊಂದನೆಯ ಪಶ್ಚಿಮ ಬೀದಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರ ದೇವಾಲಯವಿದೆ. ೧೯೨೯ರ ಆರ್ಥಿಕ ಕುಸಿತದ ಮರುವರ್ಷ, ೧೯೩೦ರಲ್ಲಿ, ಅಲ್ಲಿನ ಬ್ರದರ್ ಗೇಬ್ರಿಯಲ್ ಮೇಲರ್ ಹಸಿದವರಿಗೆ ರೊಟ್ಟಿ ಹಂಚಲಾರಂಭಿಸಿದರು. ಪ್ರತಿ ಮುಂಜಾನೆ ದೇವಾಲಯದ ಮುಂದೆ ನಿಲ್ಲುವ ಆ ರೊಟ್ಟಿಯ ಸಾಲು ದಶಕಗಳ ಕಾಲ ಮುಂದುವರಿಯಿತು. ಆದರೆ ೧೯೭೦ರ ದಶಕದ ಹೊತ್ತಿಗೆ ಸಾಲಿನಲ್ಲಿ ನಿಲ್ಲುವವರು ಬದಲಾಗಿದ್ದರು. ಕೆಲಸ ಕಳೆದುಕೊಂಡವರ ಜೊತೆಗೆ, ಮನೋರೋಗದಿಂದ ಬಳಲುತ್ತ ಯಾರೂ ಇಲ್ಲದೆ ಅಲೆಯುವವರು ಹೆಚ್ಚಿದ್ದರು.

ಇದಕ್ಕೆ ಎರಡು ಕಾರಣಗಳನ್ನು ನಾವು ಸ್ಪಷ್ಟವಾಗಿ ಗುರುತಿಸಬಹುದು. ಮೊದಲನೆಯದು ಮಾನಸಿಕ ಆಸ್ಪತ್ರೆಗಳು ಬರಿದಾದದ್ದು. ೧೯೫೫ರಲ್ಲಿ ನ್ಯೂಯಾರ್ಕ್ ರಾಜ್ಯದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು ೯೩,೦೦೦ ರೋಗಿಗಳಿದ್ದರು. ೧೯೮೦ರ ವೇಳೆಗೆ ಮೂರನೆಯ ಒಂದು ಭಾಗದಷ್ಟೂ ಉಳಿದಿರಲಿಲ್ಲ. ಹೊಸ ಔಷಧಗಳು ಬಂದಿದ್ದವು, ಆಸ್ಪತ್ರೆಗಳ ಒಳಗಿನ ದುಃಸ್ಥಿತಿ ಬಯಲಾಗಿತ್ತು, ಖರ್ಚು ಕಡಿಮೆ ಮಾಡುವ ಒತ್ತಡವೂ ಇತ್ತು. ೧೯೬೩ರಲ್ಲಿ ಅಧ್ಯಕ್ಷ ಕೆನಡಿಯವರು ಸಹಿ ಹಾಕಿದ ಕಾನೂನು ಊರೂರಿನಲ್ಲಿ ಮಾನಸಿಕ ಆರೋಗ್ಯ ಕೇಂದ್ರಗಳನ್ನು ತೆರೆಯುವ ಭರವಸೆ ನೀಡಿತ್ತು. ರೋಗಿಗಳು ಹೊರಬಂದರು, ಕೇಂದ್ರಗಳು ಮಾತ್ರ ಬೇಕಾದಷ್ಟು ಏಳಲಿಲ್ಲ.

ಎರಡನೆಯದು ಅಗ್ಗದ ಕೋಣೆಗಳು ಮಾಯವಾದದ್ದು. ಒಂದೇ ಕೋಣೆ, ಹಜಾರದ ಕೊನೆಯಲ್ಲಿ ಎಲ್ಲರಿಗೂ ಸೇರಿದ ಶೌಚಾಲಯ, ವಾರದ ಲೆಕ್ಕದ ಬಾಡಿಗೆ: ಇಂತಹ ಹಳೆಯ ಹೋಟೆಲುಗಳು ನಗರದ ಒಂಟಿ ಬಡವರಿಗೆ ಕೊನೆಯ ಆಸರೆಯಾಗಿದ್ದವು. ೧೯೫೫ರಲ್ಲಿ ನಗರವು ಇಂತಹ ಹೊಸ ಕಟ್ಟಡಗಳನ್ನು ನಿಷೇಧಿಸಿತು. ಮುಂದೆ ೧೯೭೦ರ ದಶಕದಲ್ಲಿ, ಅವನ್ನು ದುಬಾರಿ ಮನೆಗಳಾಗಿ ಪರಿವರ್ತಿಸುವ ಮಾಲೀಕರಿಗೆ ತೆರಿಗೆ ರಿಯಾಯಿತಿಯೂ ದೊರೆಯಿತು. ಮೂರು ದಶಕಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕೋಣೆಗಳು ಇಲ್ಲವಾದವು. ಒಂದು ಬಾಗಿಲಿನಿಂದ ಜನರನ್ನು ಹೊರಗೆ ಕಳುಹಿಸುತ್ತಿದ್ದ ಕಾಲದಲ್ಲಿಯೇ ಅವರು ಒಳಹೊಗಬೇಕಾಗಿದ್ದ ಇನ್ನೊಂದು ಬಾಗಿಲನ್ನು ಮುಚ್ಚಲಾಗುತ್ತಿತ್ತು. ಆದುದರಿಂದ ವಸತಿಹೀನತೆಯನ್ನು ವ್ಯಕ್ತಿಯ ದೌರ್ಬಲ್ಯದ ಫಲವೆಂದು ಮಾತ್ರ ಕಾಣುವ ವಿವರಣೆ ಚರಿತ್ರೆಯ ಮುಂದೆ ನಿಲ್ಲಲಾರದು.

ಹಾಸಿಗೆಯ ಹಕ್ಕು

೧೯೭೯ರಲ್ಲಿ ರಾಬರ್ಟ್ ಹೇಯ್ಸ್ ಎಂಬ ಯುವ ವಕೀಲರು ಬೀದಿಯಲ್ಲಿ ಮಲಗುತ್ತಿದ್ದ ಪುರುಷರ ಪರವಾಗಿ ನಗರದ ಮತ್ತು ರಾಜ್ಯದ ಮೇಲೆ ಮೊಕದ್ದಮೆ ಹೂಡಿದರು. ದಿಕ್ಕಿಲ್ಲದವರ ಪೋಷಣೆ ರಾಜ್ಯದ ಹೊಣೆಯೆಂದು ೧೯೩೮ರಲ್ಲಿ ನ್ಯೂಯಾರ್ಕಿನ ಸಂವಿಧಾನಕ್ಕೆ ಸೇರಿಸಿದ್ದ ಹದಿನೇಳನೆಯ ವಿಧಿ ಅವರ ಆಧಾರವಾಗಿತ್ತು. ಮೊದಲ ಫಿರ್ಯಾದಿಯ ಹೆಸರು ರಾಬರ್ಟ್ ಕ್ಯಾಲಹನ್. ೧೯೮೧ರ ಆಗಸ್ಟಿನಲ್ಲಿ ಎರಡೂ ಪಕ್ಷಗಳು ನ್ಯಾಯಾಲಯದ ಮುಂದೆ ಒಪ್ಪಂದ ಮಾಡಿಕೊಂಡು, ಆಶ್ರಯ ಕೇಳಿಬಂದ ವಸತಿಹೀನ ಪುರುಷರಿಗೆ ಹಾಸಿಗೆ ಒದಗಿಸುವುದಾಗಿ ನಗರವು ವಚನವಿತ್ತಿತು. ಕ್ಯಾಲಹನ್ ಅದನ್ನು ನೋಡಲು ಉಳಿದಿರಲಿಲ್ಲ.

ಆ ಒಪ್ಪಂದವು ಹಾಸಿಗೆಯ ಅಗಲ, ಹೊದಿಕೆ, ದಿಂಬು, ಎಷ್ಟು ಜನರಿಗೊಂದು ಶೌಚಾಲಯವೆಂಬುದನ್ನೂ ನಿಗದಿಪಡಿಸಿತು. ಇದು ಸಣ್ಣ ಸಾಧನೆಯಲ್ಲ; ಚಳಿಯಲ್ಲಿ ಸಾಯಬೇಕಾಗಿದ್ದ ಎಷ್ಟೋ ಜನರನ್ನು ಅದು ಉಳಿಸಿತು. ಆದರೆ ನಗರವು ಆ ಹಾಸಿಗೆಗಳನ್ನು ಹಾಕಿದ್ದು ಸೈನ್ಯದ ಹಳೆಯ ಕವಾಯತು ಭವನಗಳಂತಹ ಕಡೆಗಳಲ್ಲಿ, ಒಂದೇ ಹಜಾರದಲ್ಲಿ ನೂರಾರು ಮಂಚಗಳ ಸಾಲಾಗಿ. ಹಾಸಿಗೆ ದೊರೆಯಿತು, ಮುಚ್ಚಿಕೊಳ್ಳಲು ಬಾಗಿಲು ದೊರೆಯಲಿಲ್ಲ. ಮನುಷ್ಯನು ಅಲ್ಲಿ ಬದುಕಿ ಉಳಿಯಬಹುದಾಗಿತ್ತು, ನೆಲೆಸಲು ಆಗುತ್ತಿರಲಿಲ್ಲ.

ಇಪ್ಪತ್ತನಾಲ್ಕನೆಯ ಬೀದಿಯ ಹೋಟೆಲು

ಸಂತ ಫ್ರಾನ್ಸಿಸರ ದೇವಾಲಯದ ಸಮೀಪದಲ್ಲಿಯೇ ಅಬರ್ಡೀನ್ ಎಂಬ ಹಳೆಯ ಹೋಟೆಲೊಂದಿತ್ತು. ಆಸ್ಪತ್ರೆಗಳಿಂದ ಬಿಡುಗಡೆಯಾದ ಅನೇಕರು ಅಲ್ಲಿನ ಕೋಣೆಗಳಲ್ಲಿದ್ದರು. ಫಾದರ್ ಜಾನ್ ಮೆಕ್‌ವೀನ್ ೧೯೭೦ರ ದಶಕದಲ್ಲಿ ಅವರಿದ್ದಲ್ಲಿಗೇ ಹೋಗಿ ಸೇವೆ ಆರಂಭಿಸಿದರು. ಆದರೆ ಮಾಲೀಕರು ಹೋಟೆಲನ್ನು ಪ್ರವಾಸಿಗಳಿಗಾಗಿ ನವೀಕರಿಸಲು ನಿರ್ಧರಿಸಿದಾಗ ನಿವಾಸಿಗಳು ಹೊರನಡೆಯಬೇಕಾಯಿತು. ಕಟ್ಟಡವು ಬೇರೆಯವರ ಕೈಯಲ್ಲಿರುವವರೆಗೆ ಎಷ್ಟೇ ಉತ್ತಮವಾದ ಆರೈಕೆಯೂ ಒಂದು ನೋಟೀಸಿಗೆ ಕೊನೆಗೊಳ್ಳುತ್ತದೆ ಎಂಬ ಸತ್ಯ ಆಗ ಗುರುಗಳಿಗೆ ಮನವರಿಕೆಯಾಯಿತು.

ಮೆಕ್‌ವೀನ್ ಅವರೊಂದಿಗೆ ಫಾದರ್ ಜಾನ್ ಫೆಲಿಸ್ ಮತ್ತು ಫಾದರ್ ಥಾಮಸ್ ವಾಲ್ಟರ್ಸ್ ಸೇರಿ, ಇಪ್ಪತ್ತನಾಲ್ಕನೆಯ ಪೂರ್ವ ಬೀದಿಯಲ್ಲಿದ್ದ ಶಿಥಿಲವಾದ ಹೋಟೆಲೊಂದನ್ನು ಕೊಂಡರು. ೧೯೮೦ರಲ್ಲಿ ಅದು ಸಂತ ಫ್ರಾನ್ಸಿಸ್ ನಿವಾಸವಾಯಿತು. ೧೯೮೨ ಮತ್ತು ೧೯೮೭ರಲ್ಲಿ ಇನ್ನೆರಡು ನಿವಾಸಗಳು ತೆರೆದವು. ಮೂರೂ ಸೇರಿ ಇನ್ನೂರಕ್ಕೂ ಹೆಚ್ಚು ಜನರಿಗೆ ಮನೆಯಾದವು.

ವ್ಯವಸ್ಥೆ ಸರಳವಾಗಿತ್ತು. ಪ್ರತಿಯೊಬ್ಬರಿಗೂ ಒಂದು ಕೋಣೆ, ಒಂದು ಬೀಗದ ಕೈ. ಅಂಗವಿಕಲರಿಗೂ ವೃದ್ಧರಿಗೂ ೧೯೭೪ರಿಂದ ಕೇಂದ್ರ ಸರ್ಕಾರವು ಕೊಡುತ್ತಿದ್ದ ಮಾಸಾಶನದಿಂದ ಅವರೇ ಬಾಡಿಗೆ ತೆರುತ್ತಿದ್ದರು. ಊಟ, ಔಷಧ, ಹಣದ ನಿರ್ವಹಣೆ, ವೈದ್ಯರ ಭೇಟಿ ಎಲ್ಲವೂ ಅದೇ ಕಟ್ಟಡದಲ್ಲಿ ಕೈಗೆಟುಕುವಂತಿದ್ದವು. ಎಷ್ಟು ದಿನ ಇರಬೇಕೆಂಬ ಗಡುವು ಇರಲಿಲ್ಲ. ಆಸ್ಪತ್ರೆಗೆ ಹೋಗಬೇಕಾಗಿ ಬಂದವರೂ ಮರಳಿ ಬರುವುದು ತಮ್ಮ ಮನೆಗೇ ಆಗಿತ್ತು.

ಇಲ್ಲಿ ಸೂಕ್ಷ್ಮವಾದ ಆದರೆ ಆಳವಾದ ಒಂದು ಬದಲಾವಣೆಯನ್ನು ನಾವು ಗಮನಿಸಬೇಕು. ರೊಟ್ಟಿಯ ಸಾಲಿನಲ್ಲಿ ಗುರುವು ಕೊಡುವವನು, ಬಡವನು ಪಡೆಯುವವನು. ನಿವಾಸದಲ್ಲಿ ಬಡವನು ಬಾಡಿಗೆ ತೆರುವವನು; ನೀರು ಸೋರಿದರೆ, ಚಳಿಗಾಲದಲ್ಲಿ ಕೋಣೆ ಬೆಚ್ಚಗಾಗದಿದ್ದರೆ ದೂರು ಕೊಡುವ ಅಧಿಕಾರವುಳ್ಳವನು. ದೂರು ಕೊಡುವ ಈ ಅಧಿಕಾರ ಅತಿಥಿಗಿಲ್ಲ, ಒಕ್ಕಲಿಗೆ ಉಂಟು. ಗುರುಗಳು ಕೊಳಾಯಿಯ ದುರಸ್ತಿಗೂ ಬಾಡಿಗೆಯ ಲೆಕ್ಕಕ್ಕೂ ಹೊಣೆಗಾರರಾದರು. ಭಿಕ್ಷಾಪಾತ್ರೆಯ ಪರಂಪರೆಯವರು ಕಟ್ಟಡದ ಮಾಲೀಕರಾದದ್ದು ವಿಪರ್ಯಾಸದಂತೆ ಕಂಡರೂ, ಒಡೆತನವನ್ನು ಇನ್ನೊಬ್ಬರ ನೆಲೆಗಾಗಿ ಹೊರುವುದೂ ಬಡತನದ ವ್ರತದ ಒಂದು ರೂಪವೆಂದು ಹೇಳಬಹುದು.

ಮೊದಲು ಮನೆ

ಆ ಮಾದರಿ ಬೇಗನೆ ಹರಡಿತು. ೧೯೯೦ರಲ್ಲಿ ರಾಜ್ಯಪಾಲ ಮಾರಿಯೊ ಕುವೊಮೊ ಮತ್ತು ಮೇಯರ್ ಡೇವಿಡ್ ಡಿಂಕಿನ್ಸ್ ಅವರ ಆಡಳಿತಗಳು ಒಪ್ಪಂದ ಮಾಡಿಕೊಂಡು, ಮನೋರೋಗವುಳ್ಳ ವಸತಿಹೀನರಿಗಾಗಿ ೩,೬೦೦ಕ್ಕೂ ಹೆಚ್ಚು ಮನೆಗಳನ್ನು ಒದಗಿಸಲು ಮುಂದಾದವು. ಅದೇ ಕಾಲದಲ್ಲಿ ರೋಸಾನ್ ಹ್ಯಾಗರ್ಟಿ ಅವರ ನೇತೃತ್ವದಲ್ಲಿ ಟೈಮ್ಸ್ ಸ್ಕ್ವೇರ್ ಹೋಟೆಲಿನ ೬೫೨ ಕೋಣೆಗಳು ಇಂತಹುದೇ ವಸತಿಯಾಗಿ ಮಾರ್ಪಟ್ಟವು. ಡೆನಿಸ್ ಕಲ್ಹೇನ್ ಮತ್ತು ಸಂಗಡಿಗರು ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನವು ೧೯೯೦ರ ಒಪ್ಪಂದದಿಂದ ಮನೆ ಪಡೆದ ೪,೬೭೯ ಜನರ ದಾಖಲೆಗಳನ್ನು ಪರಿಶೀಲಿಸಿತು. ಮನೆ ದೊರೆಯುವ ಮುನ್ನ ಆಸ್ಪತ್ರೆ, ತಂಗುದಾಣ, ಸೆರೆಮನೆಗಳ ಮೂಲಕ ಒಬ್ಬೊಬ್ಬರಿಗೂ ವರ್ಷಕ್ಕೆ ಸುಮಾರು ೪೦,೦೦೦ ಡಾಲರ್ ಸಾರ್ವಜನಿಕ ಹಣ ವೆಚ್ಚವಾಗುತ್ತಿತ್ತು. ಮನೆ ದೊರೆತ ಮೇಲೆ ಅದರಲ್ಲಿ ಸುಮಾರು ೧೬,೦೦೦ ಡಾಲರ್ ಇಳಿಯಿತು. ಮನೆಯ ಖರ್ಚಿನ ಬಹುಪಾಲು ಈ ಉಳಿತಾಯದಿಂದಲೇ ತುಂಬಿಬರುತ್ತಿತ್ತು.

ಇನ್ನೊಂದು ಹೆಜ್ಜೆಯನ್ನು ಸಭೆಯ ಹೊರಗಿನವರು ಇಟ್ಟರು. ಅದುವರೆಗೆ ರೂಢಿಯಲ್ಲಿದ್ದ ಕ್ರಮವು ಮೆಟ್ಟಿಲುಗಳಂತಿತ್ತು: ಮೊದಲು ಕುಡಿತ ಬಿಡಬೇಕು, ಔಷಧ ತೆಗೆದುಕೊಳ್ಳಬೇಕು, ಮಧ್ಯದ ಮನೆಗಳಲ್ಲಿ ಒಳ್ಳೆಯ ನಡತೆ ತೋರಬೇಕು, ಕೊನೆಯ ಮೆಟ್ಟಿಲಿನಲ್ಲಿ ಮನೆ. ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ೧೯೯೨ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಸಂಸ್ಥೆಯು ಈ ಕ್ರಮವನ್ನು ತಲೆಕೆಳಗು ಮಾಡಿತು. ಮೊದಲು ಮನೆ, ಚಿಕಿತ್ಸೆ ಅವರು ಬಯಸಿದಾಗ, ಬಯಸಿದಷ್ಟು. ೨೦೦೦ದಲ್ಲಿ ಪ್ರಕಟವಾದ ವರದಿಯಂತೆ, ಐದು ವರ್ಷಗಳ ಅವಧಿಯಲ್ಲಿ ಹೀಗೆ ಮನೆ ಪಡೆದವರಲ್ಲಿ ಶೇಕಡಾ ೮೮ರಷ್ಟು ಜನ ಮನೆಯಲ್ಲಿ ಉಳಿದಿದ್ದರು. ಮೆಟ್ಟಿಲುಗಳ ಕ್ರಮದಲ್ಲಿ ಉಳಿದವರು ಶೇಕಡಾ ೪೭. ಮುಂದೆ ಕೆನಡಾದ ಐದು ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರೊಂದಿಗೆ ನಡೆದ ದೊಡ್ಡ ಪ್ರಯೋಗವೂ ಇದೇ ದಿಕ್ಕಿನ ಫಲವನ್ನು ನೀಡಿತು.

ಔಷಧವೂ ಅಲ್ಲ, ಬಹುಮಾನವೂ ಅಲ್ಲ

ಇದನ್ನು ಓದುವ ದೇವಶಾಸ್ತ್ರದ ವಿದ್ಯಾರ್ಥಿಗೆ ತಟ್ಟನೆ ಒಂದು ಸಾಮ್ಯ ಹೊಳೆಯಬಹುದು: ಮೆಟ್ಟಿಲುಗಳ ಕ್ರಮ ಕ್ರಿಯೆಗಳಿಂದ ದೊರೆಯುವ ನೀತಿ, ಮೊದಲು ಮನೆ ಎಂಬ ಕ್ರಮ ಕೃಪೆಯಿಂದ ದೊರೆಯುವ ನೀತಿ. ಸಾಮ್ಯದಲ್ಲಿ ಸತ್ಯವಿದೆ. ತಪ್ಪಿಹೋದ ಮಗನ ಸಾಮ್ಯದಲ್ಲಿ ತಂದೆಯು ಮಗನ ನಡತೆಯನ್ನು ಪರೀಕ್ಷಿಸಿದ ಬಳಿಕ ಬಾಗಿಲು ತೆರೆಯಲಿಲ್ಲ. ಆದರೆ ನಾವು ಇಲ್ಲಿ ಎಚ್ಚರದಿಂದಿರಬೇಕು. ಕೃಪೆಯು ನಮ್ಮ ಕೈಯಿಂದ ಹಂಚುವ ವಸ್ತುವಲ್ಲ. ಮನೆಯನ್ನು ಕೃಪೆಯೆಂದು ಕರೆದ ಕೂಡಲೇ ಕೊಡುವವನು ದೇವರ ಸ್ಥಾನದಲ್ಲಿ ನಿಲ್ಲುವ ಅಪಾಯವಿದೆ. ಯೆಶಾಯನ ಐವತ್ತೆಂಟನೆಯ ಅಧ್ಯಾಯವು ಅಲೆಯುವ ಬಡವರನ್ನು ಮನೆಗೆ ತರುವುದನ್ನು ಔದಾರ್ಯದ ಪಟ್ಟಿಗೆ ಸೇರಿಸುವುದಿಲ್ಲ. ನೊಗದ ಕಟ್ಟುಗಳನ್ನು ಬಿಚ್ಚುವ, ಜಜ್ಜಿಹೋದವರನ್ನು ಬಿಡುಗಡೆ ಮಾಡುವ ನ್ಯಾಯದ ಪಟ್ಟಿಗೆ ಸೇರಿಸುತ್ತದೆ.

ಈ ಎಚ್ಚರಿಕೆಗೆ ಪ್ರಾಯೋಗಿಕ ಕಾರಣವೂ ಇದೆ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು ೨೦೧೮ರಲ್ಲಿ ಹೊರತಂದ ವರದಿಯು, ಬೆಂಬಲಸಹಿತ ವಸತಿಯು ಜನರನ್ನು ಮನೆಯಲ್ಲಿ ನೆಲೆಗೊಳಿಸುವುದೇನೋ ನಿಜ, ಆದರೆ ಎಚ್‌ಐವಿ ಇರುವವರ ಹೊರತು ಇತರರ ಆರೋಗ್ಯ ಅದರಿಂದ ಸುಧಾರಿಸುತ್ತದೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂದು ಹೇಳಿತು. ಮನೆ ದೊರೆತವನು ಕುಡಿತ ಬಿಡದಿರಬಹುದು. ರೋಗಿಯು ರೋಗಿಯಾಗಿಯೇ ಉಳಿಯಬಹುದು. ಖರ್ಚು ಉಳಿಯುತ್ತದೆ, ಜನ ಬದಲಾಗುತ್ತಾರೆ ಎಂಬ ವಾದದ ಮೇಲೆ ಮಾತ್ರ ನಿಂತ ಸೇವೆಯು ಅಂತಹ ದಿನ ಕುಸಿಯುತ್ತದೆ. ಮನೆಯು ಔಷಧವೆಂದಾದರೆ ಗುಣವಾಗದವನಿಂದ ಅದನ್ನು ಹಿಂತೆಗೆದುಕೊಳ್ಳಬಹುದು. ಬಹುಮಾನವೆಂದಾದರೆ ಬೀಳುವವನಿಂದ ಕಸಿದುಕೊಳ್ಳಬಹುದು. ಮನುಷ್ಯನಿಗೆ ಸಲ್ಲಬೇಕಾದದ್ದು ಎಂದು ಒಪ್ಪಿಕೊಂಡಾಗ ಮಾತ್ರ ಅವನು ಬಿದ್ದ ದಿನವೂ ಅವನ ಬಾಗಿಲು ಅವನದಾಗಿಯೇ ಉಳಿಯುತ್ತದೆ.

ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವು ಇದೇ ದಾರಿಯನ್ನು ತೋರುತ್ತದೆ. ಕ್ಸೆನೊಯ್, ಅಂದರೆ ಪರದೇಶಿಗಳು; ಪಾರೊಯ್ಕೊಯ್, ಅಂದರೆ ಮನೆಯ ಪಕ್ಕದಲ್ಲಿದ್ದೂ ಮನೆಯೊಳಗಿನವರಲ್ಲದವರು; ಇವರು ಕ್ರಿಸ್ತನಲ್ಲಿ ಒಯ್ಕೆಯೊಯ್, ದೇವರ ಮನೆಯವರೇ ಆಗಿದ್ದಾರೆಂದು ಅಪೊಸ್ತಲನು ಸಾರುತ್ತಾನೆ. ಅವರು ಉತ್ತಮವಾಗಿ ಉಪಚರಿಸಲ್ಪಟ್ಟ ಅತಿಥಿಗಳಾದರೆಂದು ಅಲ್ಲಿ ಹೇಳಿಲ್ಲ. ಅತಿಥಿಸತ್ಕಾರವು ಬಾಗಿಲು, ಸುವಾರ್ತೆಯ ಗುರಿ ಮನೆ.

ನಮ್ಮ ಸಭೆಗಳ ಮುಂದೆ

ಈ ಚರಿತ್ರೆ ದೂರದ ನಗರದ್ದಾದರೂ ಅದು ಎತ್ತುವ ಪ್ರಶ್ನೆ ನಮ್ಮದೂ ಹೌದು. ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮ ೧೯೭೫ರದು; ಬೀದಿಯಲ್ಲಿ ಕೈಯೊಡ್ಡುವವನನ್ನು ಹಿಡಿದು ಪರಿಹಾರ ಕೇಂದ್ರಕ್ಕೆ ಸೇರಿಸುವುದು ಅದರ ಮಾರ್ಗ. ಅದಕ್ಕೆ ಭಿನ್ನವಾಗಿ, ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ ಹತ್ತೊಂಬತ್ತನೆಯ ಪ್ರಕರಣವು, ಕುಟುಂಬವಿಲ್ಲ ಅಥವಾ ಮನೆಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಾರದೆಂದೂ, ಸಮಾಜದ ನಡುವೆ ಬದುಕುವುದು ಅವರ ಹಕ್ಕೆಂದೂ ಹೇಳುತ್ತದೆ. ೧೯೯೩ರಲ್ಲಿ ಚೆನ್ನೈಯಲ್ಲಿ ಆರಂಭವಾದ ಬ್ಯಾನಿಯನ್ ಸಂಸ್ಥೆಯು ೨೦೧೫ರಿಂದ, ಮನೋರೋಗವುಳ್ಳ ವಸತಿಹೀನರು ನಾಲ್ಕೈದು ಮಂದಿ ಸೇರಿ ಸಾಮಾನ್ಯ ಬೀದಿಗಳ ಬಾಡಿಗೆ ಮನೆಗಳಲ್ಲಿ ಬಾಳುವ ವ್ಯವಸ್ಥೆಯನ್ನು ನಡೆಸುತ್ತಿದೆ. ಮಾರ್ಗವಿಲ್ಲವೆಂದು ಹೇಳುವಂತಿಲ್ಲ.

ನಮ್ಮ ಕರಾವಳಿಯ ಸಭಾಚರಿತ್ರೆಯೂ ಒಂದು ಎಚ್ಚರಿಕೆಯನ್ನು ಉಳಿಸಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತರಾದ ಕಾರಣ ಮನೆಮಾರು ಕಳೆದುಕೊಂಡವರಿಗೆ ಬಾಸೆಲ್ ಮಿಷನ್ ನೆಲೆಯನ್ನೂ ಕೆಲಸವನ್ನೂ ಒದಗಿಸಿತು. ಆದರೆ ಉಪದೇಶಿಸುವವನೂ ಕೆಲಸ ಕೊಡುವವನೂ ಜಮೀನಿನ ಒಡೆಯನೂ ಒಂದೇ ಮಿಷನ್ ಆಗಿದ್ದಾಗ, ಸಭೆಯ ಶಿಸ್ತಿಗೂ ಮನೆಯ ನೆಲೆಗೂ ಗಂಟು ಬೀಳುವುದು ಸುಲಭವಾಗಿತ್ತು. ಮನೆಯ ಕರಾರನ್ನು ವಿಶ್ವಾಸದ ಪರೀಕ್ಷೆಯಿಂದ ಬೇರೆಯಾಗಿ ಇಡಬೇಕೆಂಬುದು ಇದರಿಂದ ನಾವು ಕಲಿಯಬೇಕಾದ ಮಾತು.

ನಮ್ಮ ಸಭೆಗಳಲ್ಲಿ ಅನ್ನದಾನ ನಡೆಯುತ್ತದೆ, ಕ್ರಿಸ್ಮಸ್ಸಿನಲ್ಲಿ ಕಂಬಳಿ ಹಂಚುತ್ತೇವೆ, ಅವು ನಿಲ್ಲಬಾರದು. ಫ್ರಾನ್ಸಿಸ್ಕನ್ ಗುರುಗಳೂ ನಿವಾಸವನ್ನು ತೆರೆದ ಮೇಲೆ ರೊಟ್ಟಿಯ ಸಾಲನ್ನು ನಿಲ್ಲಿಸಲಿಲ್ಲ. ಆದರೆ ಒಬ್ಬನೇ ಮನುಷ್ಯನು ವರ್ಷವರ್ಷವೂ ಅದೇ ಸಾಲಿನಲ್ಲಿ ನಿಂತಿರುವಾಗ, ಸಾಲು ತಪ್ಪದೆ ನಡೆಯುತ್ತಿದೆಯೆಂದು ನಾವು ಸಂತೋಷಪಡುವಂತಿಲ್ಲ. ಸಭೆಯ ಆವರಣಗಳಲ್ಲಿ ಬೀಗ ಜಡಿದು ನಿಂತಿರುವ ಹಳೆಯ ಬೋರ್ಡಿಂಗ್ ಹೋಮುಗಳೂ ಬಳಕೆಯಿಲ್ಲದ ಬಂಗಲೆಗಳೂ ಎಷ್ಟಿವೆ ಎಂಬುದನ್ನು ಪ್ರತಿ ಸಭಾಪಾಲಕರೂ ತಮ್ಮ ಪಾಲನಾ ಸಮಿತಿಯ ಮುಂದೆ ಇಡಬೇಕಾಗಿದೆ. ಆ ಬೀಗಗಳ ಕೈಗಳು ಇಂದು ನಮ್ಮ ಬಳಿ ಇವೆ. ಅವು ಯಾರ ಕೈ ಸೇರಬೇಕೆಂಬುದು ಆಸ್ತಿಯ ಲೆಕ್ಕಕ್ಕೆ ಮಾತ್ರ ಸೇರಿದ ವಿಷಯವಲ್ಲ. ಸಭೆ ಎಂದರೇನು ಎಂಬ ನಮ್ಮ ಬೋಧನೆಗೇ ಸೇರಿದ ವಿಷಯ.